ಮನೆವಾರ್ತೆ: ಸೋಡಾ, ಅಂಟುವಾಳ ಮತ್ತು ಅವ್ವನ ಕೈ

ಈ ಅಂಕಣವನ್ನು ಮನೆಯ ಹೆಣ್ಣುಮಕ್ಕಳು ಮೊದಲು ಓದುತ್ತಾರೆಂದೂ, ಗಂಡಸರು ಓದಿದರೂ ಓದಿಲ್ಲವೆನ್ನುತ್ತಾರೆಂದೂ ನಮಗೆ ಗೊತ್ತಿದೆ. ಈ ಸಲದ ವಿಷಯ ಮಾತ್ರ ಗಂಡಸೊಬ್ಬನ ಅತಿಬುದ್ಧಿಗೆ ಸಂಬಂಧಿಸಿದ್ದು. ಆ ಗಂಡಸು ನಾವೇ.

ತಿಂಗಳ ಕೊನೆಯ ರವಿವಾರ ನಮ್ಮ ಮನೆಯಲ್ಲಿ ಲೆಕ್ಕದ ವಹಿ ಬಿಚ್ಚುವ ಪದ್ಧತಿಯುಂಟು. ಕಚೇರಿಯಲ್ಲಿ ಊರವರ ಲೆಕ್ಕ ಬರೆದು ಬಂದವನಿಗೆ ಮನೆಯ ಲೆಕ್ಕ ನೋಡುವ ಉತ್ಸಾಹ ಅಷ್ಟಾಗಿ ಇರುವುದಿಲ್ಲ, ಆದರೂ ನೋಡಲೇಬೇಕು. ಹೀಗೆ ನೋಡುತ್ತಿರಲಾಗಿ ಒಂದು ತಿಂಗಳು ಬಟ್ಟೆಯ ಸಾಬೂನು, ಪುಡಿ, ಪಾತ್ರೆಯ ಬಿಲ್ಲೆ, ನೆಲ ಒರೆಸುವ ದ್ರಾವಣ ಎಲ್ಲ ಕೂಡಿ 460 ರೂಪಾಯಿ ಆಗಿತ್ತು. ನಾಲ್ಕು ಜನರ ಸಂಸಾರಕ್ಕೆ ಇಷ್ಟು ನೊರೆ ಏಕೆ ಎಂದು ನಾವು ಕೇಳಿದೆವು. “ನೊರೆ ಎಲ್ಲಿ ಬರ್ತದ? ಬಂದಿದ್ರ ಇಷ್ಟು ಯಾಕ ಬೇಕಾಗ್ತಿತ್ತು?” ಎಂದು ನಮ್ಮ ಮನೆಯವರು ತಿರುಗಿ ಕೇಳಿದರು. ಮಾತಿನಲ್ಲಿ ಶಾಸ್ತ್ರವಿತ್ತು, ನಮಗೆ ಅದು ತಿಳಿಯಲು ಎರಡು ತಿಂಗಳು ಹಿಡಿಯಿತು.

ಬಾರಾಮತಿಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳು ಮೊದಲು ನೋಡಿ ಬೆರಗಾಗುವುದು ಕಬ್ಬನ್ನು. ನೀರಾ ಎಡದಂಡೆ ಕಾಲುವೆ ಬಂದಮೇಲೆ ಈ ಬರಡು ಸೀಮೆ ಹಸುರಾಯಿತು. ಆದರೆ ಕಾಲುವೆಯ ನೀರು ಕಬ್ಬನ್ನು ಬೆಳೆಸಿದಂತೆ, ಮಿತಿಮೀರಿ ಹಾಯಿಸಿದ ಕಡೆಗಳಲ್ಲಿ ನೆಲದೊಳಗಿನ ಉಪ್ಪನ್ನೂ ಮೇಲಕ್ಕೆ ತಂದಿತು. ಅಂಥ ಹೊಲಕ್ಕೆ ಇಲ್ಲಿಯವರು ‘ಚೋಪಣ’ ಎನ್ನುತ್ತಾರೆ. ನಮ್ಮ ಕಡೆ ‘ಸವಳು’. ನಾವಿರುವ ಬಾಡಿಗೆ ಮನೆಗೆ ಕುಡಿಯಲು ನಳದ ನೀರು, ಉಳಿದುದಕ್ಕೆಲ್ಲ ಕೊಳವೆಬಾವಿಯ ನೀರು. ಈ ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ಸಾಬೂನಿನ ಕೊಬ್ಬಿನೊಡನೆ ಕೂಡಿ ಮೊಸರಿನಂತೆ ಒಡೆದು ಬಕೆಟ್ಟಿನ ಅಂಚಿಗೆ ಅಂಟಿಕೊಳ್ಳುತ್ತದೆ. ನೀರಿನ ಹಸಿವು ತೀರುವವರೆಗೆ ಬಟ್ಟೆಯ ಕೊಳೆಗೆ ಸಾಬೂನು ಸಿಕ್ಕುವುದೇ ಇಲ್ಲ. ಅಂದರೆ ನಮ್ಮ 460 ರೂಪಾಯಿಯಲ್ಲಿ ದೊಡ್ಡ ಪಾಲನ್ನು ನೀರೇ ತಿನ್ನುತ್ತಿತ್ತು.

ಆಗ ಇದನ್ನು ವಿಚಾರ ಮಾಡದೆ, ಪುಡಿಯನ್ನು ಮನೆಯಲ್ಲಿಯೇ ಮಾಡಿದರಾಯಿತೆಂದು ನಾವು ಹೊರಟೆವು. ನಮ್ಮ ತಲೆಯಲ್ಲಿದ್ದವರು ಕರ್ಸನ್‌ಭಾಯಿ ಪಟೇಲರು. ಗುಜರಾತ ಸರಕಾರದ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ನೌಕರರಾಗಿದ್ದ ಅವರು 1969ರಲ್ಲಿ ಮನೆಯ ಹಿತ್ತಲಲ್ಲಿ ಬಟ್ಟೆಯ ಪುಡಿ ಕಲಸಿ, ಸೈಕಲ್ಲಿನ ಮೇಲೆ ಹೇರಿಕೊಂಡು ಮನೆಮನೆಗೆ ಮಾರಿದರು. ಅದೇ ‘ನಿರ್ಮಾ’. ಅವರೂ ಸರಕಾರಿ ನೌಕರರು, ನಾವೂ ಸರಕಾರಿ ನೌಕರರು, ಸೈಕಲ್ಲು ನಮ್ಮಲ್ಲಿಯೂ ಇದೆ. ಅವರು ರಸಾಯನಶಾಸ್ತ್ರ ಬಲ್ಲವರು, ನಾವು ಇತಿಹಾಸ ಓದಿ ಬಿ.ಎ. ಆದವರು ಎಂಬ ಸಣ್ಣ ಭೇದವನ್ನು ಮರೆತೆವು. ಮೈಸೂರು ಸಂಸ್ಥಾನದವರು 1918ರಲ್ಲಿ ಬೆಂಗಳೂರಿನಲ್ಲಿ ಸಾಬೂನಿನ ಕಾರ್ಖಾನೆ ನಡೆಸಲು ಹೊರಟಾಗಲೂ ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಿ ಆ ವಿದ್ಯೆ ಕಲಿಸಿ ತಂದಿದ್ದರು. ಹಿತ್ತಲಿನ ವಿದ್ಯೆಯೂ ವಿದ್ಯೆಯೇ ಎಂದು ನಮಗೆ ಹೊಳೆಯಲಿಲ್ಲ.

ಪೇಟೆಯಿಂದ ಬಟ್ಟೆಸೋಡಾ ತಂದೆವು. ಅಗ್ಗದ ಬಾರು ಸಾಬೂನನ್ನು ತುರಿಯುವ ಮಣೆಯಲ್ಲಿ ತುರಿದು, ಸಮಸಮ ಬೆರೆಸಿ ಡಬ್ಬಿ ತುಂಬಿದೆವು. ಒಗೆದ ಅಂಗಿ ಬೆಳ್ಳಗೆ ಬಂತು. ಆ ತಿಂಗಳ ಲೆಕ್ಕ 270ಕ್ಕೆ ಇಳಿಯಿತು. ಬೋರಿನ ನೀರಲ್ಲವೇ, ಚಮಚ ಸಾಲದು, ಮುಷ್ಟಿ ತುಂಬ ಹಾಕಿ ಎಂದು ಮನೆಯಲ್ಲಿ ಅಪ್ಪಣೆಯನ್ನೂ ಕೊಟ್ಟೆವು. ಕಚೇರಿಯಲ್ಲಿ ನಾಲ್ವರೆದುರು ಇದನ್ನು ಹೇಳಿಕೊಂಡದ್ದೂ ಉಂಟು.

ಆಗ ನಮ್ಮ ಅವ್ವ ವಿಜಯಪುರದ ಕಡೆಯಿಂದ ಬಂದು ನಮ್ಮೊಡನಿದ್ದರು. ಸೊಸೆಗೆ ಶಾಲೆಯ ಮಕ್ಕಳ ಗಡಿಬಿಡಿ, ನಾನು ಕೂತಲ್ಲೇ ಹಿಂಡತೀನಿ ಎಂದು ಒಗೆಯುವ ಕೆಲಸವನ್ನು ಅವರೇ ಹಚ್ಚಿಕೊಂಡಿದ್ದರು. ಒಂದು ರಾತ್ರಿ ಊಟಕ್ಕೆ ಕೂತಾಗ ಅವರು ರೊಟ್ಟಿಯನ್ನು ಮುರಿಯದೆ, ಪಲ್ಯದಲ್ಲಿ ನೆನೆಯಲಿ ಎಂದು ಇಟ್ಟುಕೊಂಡು ಕೂತಿದ್ದರು. ಹಲ್ಲಿನ ತೊಂದರೆಯೇನೋ ಎಂದುಕೊಂಡೆವು. ಕೈ ಹಿಡಿದು ನೋಡಿದರೆ ಬೆರಳಿನ ಸಂದುಗಳೆಲ್ಲ ಬಿರಿದು ಕೆಂಪಾಗಿವೆ. ಕಾರದ ಪಲ್ಯ ತಾಗಿದರೆ ಉರಿ.

“ಏನಿಲ್ಲೋ ತಮ್ಮಾ, ಥಂಡಿಗೆ ಒಡದಾವ” ಎಂದರು. ಚೈತ್ರಮಾಸದಲ್ಲಿ ಎಲ್ಲಿಯ ಥಂಡಿ? ಮತ್ತೆ ಮತ್ತೆ ಕೇಳಿದ ಮೇಲೆ, “ನಿನ್ನ ಪುಡಿ ಕೊಳಿ ಬಿಡಸ್ತದ ಖರೆ, ತೊಗಲೂ ಬಿಡಸ್ತದ. ನೀ ಕೈಯಾರೆ ಮಾಡೀದಿ ಅಂತ ಸುಮ್ಮನಿದ್ದೆ” ಎಂದರು.

ಡಾಕ್ಟರರ ಫೀ, ಮುಲಾಮು ಕೂಡಿ 640 ರೂಪಾಯಿ ಆಯಿತು. ವಹಿಯಲ್ಲಿ ಅದನ್ನು ಬರೆಯುವಾಗ ಯಾವ ಬಾಬಿಗೆ ಹಾಕಬೇಕೆಂದು ಬಹಳ ಹೊತ್ತು ತಿಳಿಯಲಿಲ್ಲ. ಕೊನೆಗೆ ತೊಳೆಯುವ ಸಾಮಾನಿನ ಬಾಬಿಗೇ ಹಾಕಿದೆವು.

ಸೋಡಾದ ತಪ್ಪು ಇದರಲ್ಲಿ ಏನೂ ಇಲ್ಲ. ಬಾವಿಯ ನೀರಿನ ಸುಣ್ಣವನ್ನು ಹಿಡಿದು ತಳಕ್ಕೆ ಕೂರಿಸುವುದು ಅದರ ಕೆಲಸ. ಆ ಕೆಲಸಕ್ಕೆ ಬೇಕಾದಷ್ಟು ಹಾಕಿದರೆ ಉಪಕಾರ. ಮಿಕ್ಕದ್ದು ಚರ್ಮದ ಎಣ್ಣೆಯನ್ನು ತಿನ್ನುತ್ತದೆ. ನಮ್ಮ ನೀರಿಗೆ 15 ಲೀಟರಿನ ಬಕೆಟ್ಟಿಗೆ ಎರಡು ಚಹಾ ಚಮಚ ಸಾಕೆಂದು ಈಗ ಕಂಡುಕೊಂಡಿದ್ದೇವೆ. ಸೋಡಾ ಕದಡಿ ಒಂದು ತಾಸು ಬಿಟ್ಟು, ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು, ಆಮೇಲೆ ಸಾಬೂನು ಹಚ್ಚಬೇಕು. ಸಾಬೂನು ಮೊದಲಿನ ಅರ್ಧದಷ್ಟು ಸಾಕಾಗುತ್ತದೆ. ನಿಮ್ಮ ನೀರು ಹೇಗಿದೆಯೆಂದು ತಿಳಿಯಬೇಕಾದರೆ ಒಂದು ಬಾಟಲಿಯಲ್ಲಿ ಬಾವಿಯ ನೀರು, ಇನ್ನೊಂದರಲ್ಲಿ ಮಳೆಯ ನೀರು ಹಾಕಿ, ಎರಡಕ್ಕೂ ಮೈಸಾಬೂನಿನ ಚೂರು ಹಾಕಿ ಅಲುಗಿಸಿ ನೋಡಿ. ಒಂದರಲ್ಲಿ ನೊರೆ ನಿಲ್ಲುತ್ತದೆ, ಇನ್ನೊಂದರಲ್ಲಿ ಗಸಿ ತೇಲುತ್ತದೆ. ನಮ್ಮ ಮಕ್ಕಳಿಗೆ ಈ ಆಟ ಬಹಳ ಹಿಡಿಸಿತು.

ಅವ್ವನ ಕೈ ಮಾಯುವವರೆಗೆ ಒಗೆಯುವ ಕೆಲಸ ನಮ್ಮ ಪಾಲಿಗೆ ಬಂತು, ಬರಬೇಕಾದದ್ದೇ. ಆಗ ಅವರು ಹೊರಗೆ ಕಟ್ಟೆಯ ಮೇಲೆ ಕೂತು ಪಾಠ ಹೇಳಿದರು. ಅವರ ಕಾಲದಲ್ಲಿ ಧೋತರ ರುಮಾಲುಗಳಿಗೆ ಸವಳು ಮಣ್ಣು, ರೇಶಿಮೆಗೆ ಅಂಟುವಾಳ. ಸವಳು ಮಣ್ಣಿನಲ್ಲಿರುವುದೂ ನಾವು ಪೇಟೆಯಿಂದ ತಂದದ್ದೂ ಮೂಲದಲ್ಲಿ ಒಂದೇ ಸೋಡಾ ಎಂದು ನಾವು ವಿವರಿಸಿದೆವು. “ಹಂಗಾದ್ರ ಹೊಲದಾಗಿಂದು ಸೋವಿ ಇತ್ತಲ್ಲ” ಎಂದರು.

ಅಂಟುವಾಳಕ್ಕೆ ಗಡಸು ನೀರಿನ ಭಯವಿಲ್ಲ. ಅದರ ನೊರೆ ಸಾಬೂನಿನಂತೆ ಸುಣ್ಣದೊಡನೆ ಕೂಡಿ ಒಡೆಯುವುದಿಲ್ಲ. ಬೀಜ ತೆಗೆದ ಸಿಪ್ಪೆ 100 ಗ್ರಾಮನ್ನು ಒಂದೂವರೆ ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಾಲು ತಾಸು ಕುದಿಸಿ, ಆರಿದ ಮೇಲೆ ಚೆನ್ನಾಗಿ ಹಿಚುಕಿ ಹಳೆಯ ಪಂಚೆಯಲ್ಲಿ ಸೋಸಿಕೊಳ್ಳಬೇಕು. ಬೇಸಿಗೆಯಲ್ಲಿ ಮೂರು ದಿನಕ್ಕೆ ಹುಳಿ ವಾಸನೆ ಬರುತ್ತದೆ, ಆದುದರಿಂದ ಬೇಕಾದಷ್ಟೇ ಮಾಡಿಕೊಳ್ಳಿ. ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ, ಉರಿ ಜೋರು. ಇಳಕಲ್ ಸೀರೆಯ ರೇಶಿಮೆ ಸೆರಗಿಗೂ ಉಣ್ಣೆಗೂ ಇದೇ ಆಗಬೇಕು, ಸೋಡಾ ತಾಗಿಸಕೂಡದು. ಬಿಳಿ ಅಂಗಿಗೆ ಮಾತ್ರ ಅಂಟುವಾಳ ನಡೆಯದು, ಸ್ವಲ್ಪ ಮಾಸಲು ಬಣ್ಣ ಉಳಿಯುತ್ತದೆ. ನಮ್ಮ ಕಚೇರಿಯ ಅಂಗಿಗಳು ಸೋಡಾದ ತಿಳಿನೀರು, ಸಾಬೂನು, ನೀಲಿ ಈ ಕ್ರಮದಲ್ಲಿಯೇ ನಡೆದಿವೆ.

ಪಾತ್ರೆಗೆ ಬೂದಿಯೇ ಮೇಲು ಎಂಬುದು ಅವ್ವನ ಮತ. ಗ್ಯಾಸಿನ ಒಲೆಯ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು? ಆದರೆ ಬಾರಾಮತಿಯ ಸುತ್ತ ಬೆಲ್ಲದ ಆಲೆಮನೆಗಳಿವೆ. ಅಲ್ಲಿ ಕಬ್ಬಿನ ಸಿಪ್ಪೆ ಸುಟ್ಟ ಬೂದಿ ಬೇಕಾದಷ್ಟು. ಅದರಲ್ಲಿ ಮರಳಿನ ಅಂಶ ಹೆಚ್ಚು, ಹೊಳಪಿನ ಸ್ಟೀಲಿಗೆ ಗೀರು ಬೀಳುತ್ತದೆ. ಜರಡಿ ಹಿಡಿದು ಕಬ್ಬಿಣದ ಹಂಚಿಗೂ ಕರಿ ಹಿಡಿದ ತಳಕ್ಕೂ ಬಳಸುತ್ತೇವೆ. ಹಿತ್ತಾಳೆಗೆ ಹುಣಸೆಹಣ್ಣು, ಅದು ಎಲ್ಲರಿಗೂ ಗೊತ್ತು.

ಈಚೆಗೆ ಕೆಲವರು ಸಿರ್ಕಾ ಮತ್ತು ಅಡಿಗೆಸೋಡಾ ಕೂಡಿಸಿ ಒಂದೇ ಶೀಶೆಯಲ್ಲಿಟ್ಟು ಸರ್ವರೋಗಕ್ಕೂ ಮದ್ದೆಂಬಂತೆ ಬಳಸುತ್ತಿದ್ದಾರೆ. ಬುಸುಗುಟ್ಟುವುದು ಮುಗಿದ ಮೇಲೆ ಹುಳಿಯೂ ಇಲ್ಲ, ಕ್ಷಾರವೂ ಇಲ್ಲ, ಹೆಚ್ಚೆಂದರೆ ಉಪ್ಪುನೀರು. ಬೇರೆ ಬೇರೆಯಾಗಿ ಬಳಸಿದರೆ ಎರಡೂ ಒಳ್ಳೆಯವೇ. ಆದರೆ ಬ್ಲೀಚಿಂಗ್ ಪುಡಿಯನ್ನು ಪಾಯಖಾನೆಯ ಆಸಿಡ್ಡಿನೊಡನಾಗಲಿ ಸಿರ್ಕಾದೊಡನಾಗಲಿ ಎಂದೂ ಸೇರಿಸಬೇಡಿ. ಅದರಿಂದ ಏಳುವ ಕ್ಲೋರಿನ್ ವಾಯು ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೆ ಅಪಾಯ. ಇದು ಉಳಿತಾಯದ ವಿಷಯವಲ್ಲ.

ಕಳೆದ ತಿಂಗಳ ಬಾಬು 310 ರೂಪಾಯಿ. ಪುಡಿಯ ಡಬ್ಬಿ ಇನ್ನೂ ಅರ್ಧ ಉಳಿದಿದೆ. ಚಮಚೆಯ ಲೆಕ್ಕದಲ್ಲಿ ಬಚ್ಚಲ ನೆಲಕ್ಕೆ ಖರ್ಚಾಗುತ್ತಿದೆ. ಅವ್ವ ಊರಿಗೆ ಹೋಗುವಾಗ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಎರಡು ಕಿಲೋ ಅಂಟುವಾಳವನ್ನು ಇಲ್ಲಿಂದಲೇ ಕಟ್ಟಿಸಿಕೊಂಡು ಹೋದರು. ಇಲ್ಲಿಯ ಅಂಗಡಿಯಲ್ಲಿ ಅಂಟುವಾಳವೆಂದರೆ ತಿಳಿಯುವುದಿಲ್ಲ, ‘ರಿಠಾ’ ಎಂದು ಕೇಳಬೇಕು. ಬೀಜವಿದ್ದದ್ದನ್ನೇ ತೂಗಿ ಕೊಟ್ಟರೆ ಬೇಡವೆನ್ನಿ. ತೂಕವೆಲ್ಲ ಬೀಜದ್ದು, ನೊರೆಯೆಲ್ಲ ಸಿಪ್ಪೆಯದು.