ಸಿಂಗಾಪುರಕ್ಕೆ ಹೋಗಿ ಬರ್ರಿ, ಸವಣೂರಿಗೂ ಒಮ್ಮೆ ಹೋಗ್ರಿ

ಕಳೆದ ರಜೆಯಲ್ಲಿ ನಮ್ಮ ಕ್ಲಾಸಿನ ಗೆಳತಿಯೊಬ್ಬಳು ಅಪ್ಪ, ಅಮ್ಮ, ತಮ್ಮನ ಜೊತೆ ಸಿಂಗಾಪುರ ನೋಡಿ ಬಂದಳು. ಕ್ಯಾಂಟೀನಿನಲ್ಲಿ ಕೂತು ಒಂದೊಂದೇ ಫೋಟೋ ತೋರಿಸಿದಳು. ಕತ್ತಲಲ್ಲಿ ಟ್ರಾಮಿನಲ್ಲಿ ಕೂರಿಸಿ ಪ್ರಾಣಿ ತೋರಿಸುವ ನೈಟ್ ಸಫಾರಿ. ಮ್ಯಾಕ್‌ರಿಚಿ ಕಾಡಿನ ಮರಗಳ ನೆತ್ತಿಯ ಎತ್ತರದಲ್ಲಿ 250 ಮೀಟರ್ ಉದ್ದದ ತೂಗುಸೇತುವೆ. ಸುಂಗೈ ಬುಲೊ ಜೌಗುಪ್ರದೇಶದ ಹಲಗೆಯ ಕಾಲುದಾರಿ. ಕೊನೆಗೆ ಗಾರ್ಡನ್ಸ್ ಬೈ ದ ಬೇ ಅನ್ನೋ ತೋಟದ ದೊಡ್ಡ ಗಾಜಿನ ಮನೆ, ಅದರೊಳಗೆ ತಂಪು ಗಾಳಿ, ಹೊಟ್ಟೆ ಉಬ್ಬಿದ ಬಾಟಲಿಯಂಥ ಮರಗಳು. "ಇವು ಬಾವೊಬಾಬ್, ಆಫ್ರಿಕಾದ ಮರ. ಟಿಕೆಟ್ ತಗೊಂಡು ನೋಡಿದ್ವಿ" ಅಂದಳು.

ನಮ್ಮ ಸವಣೂರಿನವ ಚಹಾ ಕೆಳಗಿಟ್ಟ. "ಏ, ತಡಿ. ಇದು ನಮ್ಮೂರಿನ ದೊಡ್ಡಹುಣಸಿ ಮರ ಅಲ್ಲೇನು?"

"ಹೌದಾ? ಎಷ್ಟು ವರ್ಷದ್ದು? ಯಾರು ತಂದ್ರು?" ಅಂತ ಅವಳು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. ಉಳಿದ ನಮಗೂ ಗೊತ್ತಿರಲಿಲ್ಲ. ಈ ಲೇಖನ ಬರೆಯುತ್ತಿರುವ ನಾವು ನಾಲ್ವರು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನವರು. ಒಂದೇ ಹಾಸ್ಟೆಲ್, ಒಂದೇ ಜಿಲ್ಲೆ. ಅವತ್ತು ಆದ ನಾಚಿಕೆಯೂ ಒಂದೇ.

ಸವಣೂರಿನ ದೊಡ್ಡಹುಣಸೆಮರದ ಮಠದ ಆವರಣದಲ್ಲಿ ಮೂರು ಬಾವೊಬಾಬ್ ಮರಗಳು ಬೆಳೆದು ನಿಂತಿದ್ದವು. 2023ರ ಜುಲೈ ಮಳೆಗೆ ಅದರಲ್ಲಿ ಒಂದು ಬುಡಸಮೇತ ಉರುಳಿತು. ಕೊಂಬೆ ಸವರಿ, ಯಂತ್ರ ತಂದು ಅದನ್ನು ಮತ್ತೆ ನೆಟ್ಟು ಉಳಿಸುವ ಕೆಲಸ ನಡೆಯಿತು. ಆಗ ನಾವು ಪಿಯುಸಿಯಲ್ಲಿದ್ದೆವು. ಸುದ್ದಿ ವಾಟ್ಸಾಪಿನಲ್ಲಿ ಬಂತು, ಫಾರ್ವರ್ಡ್ ಮಾಡಿದೆವು. ಹೋಗಿ ನೋಡಲಿಲ್ಲ. ಅಂಥ ಮರ ಬಿದ್ದಾಗಲೂ ಎದ್ದು ಹೋಗದ ನಾವು, ಗೆಳತಿಯ ಫೋಟೋ ನೋಡಿದ ಮೇಲೆ ಒಂದು ಭಾನುವಾರ ಹೊರಟೆವು.

ಸವಣೂರಿನ ಗೆಳೆಯನ ಅವ್ವನನ್ನೂ ಕರೆದೆವು. "ಸುಮ್ಮ ಅಡ್ಡಾಡಾಕ ಹೋಗೂದಾ? ಹಬ್ಬ ಇಲ್ಲ, ಜಾತ್ರಿ ಇಲ್ಲ" ಅಂದರು. ಆದರೂ ಬಂದರು. ನಾವು ನಾಲ್ವರೂ ಕೈ ಚಾಚಿ ನಿಂತರೂ ಬೊಡ್ಡೆಯ ಸುತ್ತು ಮುಗಿಯಲಿಲ್ಲ. ಅವ್ವ ಬಹಳ ಹೊತ್ತು ತಲೆ ಎತ್ತಿ ನೋಡುತ್ತಲೇ ಇದ್ದರು. ಆಮೇಲೆ ಅಂದರು: "ಎಷ್ಟ್ ಸಲ ಇಲ್ಲಿಗೆ ಬಂದೀನಿ. ಕೈ ಮುಗದೀನಿ, ಹೋಗೀನಿ. ಮರ ಅಂತ ನಿಂತು ನೋಡಿದ್ದಿಲ್ಲ."

ನಮ್ಮ ವಾದ ಇಷ್ಟೇ. ನಮ್ಮ ಕಡೆ ನೋಡೋಕೆ ಏನೂ ಇಲ್ಲ ಅನ್ನೋದು ಸುಳ್ಳು. ನಿಂತು ನೋಡುವ ಏರ್ಪಾಡು ಇಲ್ಲ, ಅದಕ್ಕಿಂತ ಹೆಚ್ಚಾಗಿ ನಮಗೆ ಆ ರೂಢಿಯೇ ಇಲ್ಲ.

ಸಿಂಗಾಪುರವನ್ನೇ ತಗೊಳ್ಳಿ. ಹಾವೇರಿ ಜಿಲ್ಲೆಯೊಳಗೆ ಅಂಥ ಆರು ಸಿಂಗಾಪುರ ಹಿಡಿಸುತ್ತವೆ. ಮೂಲ ಕಾಡನ್ನು ಬಹುಪಾಲು ಕಳೆದುಕೊಂಡ ದೇಶ ಅದು. ಬಾವೊಬಾಬ್ ಅಲ್ಲಿನದೂ ಅಲ್ಲ, ಹೊರಗಿಂದ ತಂದು ಗಾಜಿನೊಳಗೆ ಇಟ್ಟದ್ದು. ಆದರೆ ನಡೆಯೋಕೆ ದಾರಿ ಮಾಡಿದ್ದಾರೆ, ಗಿಡದ ಪಕ್ಕ ಹೆಸರು ಬರೆದಿದ್ದಾರೆ. ತೂಗುಸೇತುವೆಗಾಗಲಿ ಸುಂಗೈ ಬುಲೊಗಾಗಲಿ ಟಿಕೆಟ್ಟೇ ಇಲ್ಲ. ನಮ್ಮ ಗೆಳತಿಯ ಅಪ್ಪ ದುಡ್ಡು ಕೊಟ್ಟು ನೋಡಿದ ನೈಟ್ ಸಫಾರಿಗಿಂತ, ಪುಗಸಟ್ಟೆ ನಡೆದ ಆ ಹಲಗೆಯ ದಾರಿಯನ್ನೇ ಹೆಚ್ಚು ಹೊಗಳಿದರಂತೆ. ವಿದೇಶದಿಂದ ತರಬೇಕಾದದ್ದು ಚಾಕಲೇಟ್ ಡಬ್ಬಿಯಲ್ಲ, ಈ ಬುದ್ಧಿ.

ನಮ್ಮಲ್ಲಿ ಹೇಳೋಕೆ ವಿಷಯ ಕಡಿಮೆಯೇನೂ ಇಲ್ಲ. ಬಾವೊಬಾಬ್ ಹೂ ರಾತ್ರಿ ಅರಳುತ್ತದೆ, ಬಾವಲಿಗಳು ಪರಾಗ ಸಾಗಿಸುತ್ತವೆ. ಕಾಂಡದಲ್ಲಿ ನೀರು ತುಂಬಿಕೊಂಡು ಬೇಸಿಗೆ ಕಳೆಯುತ್ತದೆ. ಈ ಮರಗಳನ್ನು ಕೃಷ್ಣ ತಂದು ನೆಟ್ಟ ಅಂತ ಊರ ಕಥೆ. ಭಾರತದ ಬಾವೊಬಾಬ್‌ಗಳು ಹಿಂದೂ ಮಹಾಸಾಗರದ ವ್ಯಾಪಾರದ ದಾರಿಯಲ್ಲಿ ಒಂದಲ್ಲ, ಹಲವು ಸಲ ಆಫ್ರಿಕಾದಿಂದ ಬಂದವು ಅಂತ ವಂಶವಾಹಿ ಅಧ್ಯಯನ ಹೇಳುತ್ತದೆ. ಎರಡೂ ಕಥೆ ನಮ್ಮವೇ. ವಯಸ್ಸಿನ ವಿಷಯಕ್ಕೆ ಬಂದರೆ ಎಂಜಿನಿಯರಿಂಗ್ ಓದುವ ನಾವು ‘ಅಳೆದದ್ದು ಹೇಗೆ?’ ಅಂತ ಕೇಳಬೇಕು. ಈ ಮರದ ಕಾಂಡ ಒಳಗೆ ಟೊಳ್ಳಾಗುತ್ತದೆ, ಬಳೆ ಎಣಿಸಿ ಲೆಕ್ಕ ಹಾಕೋಕೆ ಆಗದು, ರೇಡಿಯೊಕಾರ್ಬನ್ ಪರೀಕ್ಷೆಯೇ ಬೇಕು.

ಹೊತ್ತು ಕಾಯುವುದೂ ಇಲ್ಲ. 2018ರಲ್ಲಿ ‘ನೇಚರ್ ಪ್ಲಾಂಟ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಆಫ್ರಿಕಾದ ಅತಿ ಹಳೆಯ 13 ಬಾವೊಬಾಬ್‌ಗಳಲ್ಲಿ 9 ಮರಗಳು ಸುಮಾರು ಹನ್ನೆರಡು ವರ್ಷದೊಳಗೆ ಸತ್ತಿವೆ, ಇಲ್ಲವೇ ಅವುಗಳ ಹಳೆಯ ಕಾಂಡ ಕುಸಿದಿದೆ. ಇಷ್ಟು ಕಾಲ ಇದ್ದದ್ದು ಇನ್ನೂ ಇರುತ್ತದೆ ಅನ್ನೋ ನಂಬಿಕೆ ಅಲ್ಲೂ ಸುಳ್ಳಾಯಿತು, ಸವಣೂರಿನಲ್ಲೂ ಸುಳ್ಳಾಯಿತು.

ಅವತ್ತೇ ಸಂಜೆ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಕೋಟೆಗೆ ಹೋದೆವು. ಅಲ್ಲಿನ 139 ಎಕರೆ 2006ರಿಂದ ನವಿಲುಗಳ ಸಂರಕ್ಷಿತ ಪ್ರದೇಶ. ಇಪ್ಪತ್ತು ನಿಮಿಷ ಮಾತಾಡದೆ ಕೂತಾಗ ಕೂಗು ಶುರುವಾಯಿತು, ಮೊದಲು ಒಂದು, ಆಮೇಲೆ ನಾಲ್ಕೂ ಕಡೆಯಿಂದ. ಶಿಗ್ಗಾಂವಿಯವ ಇದೇ ರಸ್ತೆಯಲ್ಲಿ ಹುಬ್ಬಳ್ಳಿ ಬಸ್ಸಿನಲ್ಲಿ ನೂರು ಸಲ ಹೋಗಿದ್ದಾನೆ, ಇಳಿದದ್ದು ಅವತ್ತೇ ಮೊದಲು. ಪಟ್ಟಿ ಇಲ್ಲಿಗೇ ಮುಗಿಯೋದಿಲ್ಲ. ಹಾನಗಲ್ಲಿಗೆ ಆನೆಕೆರೆ ಇದೆ. ಹಿರೇಕೆರೂರಿನ ಕಡೆ ಕುಮುದ್ವತಿಯನ್ನು ಗುಡ್ಡದ ಸಂದಿಯಲ್ಲಿ ತಡೆದು ಕಟ್ಟಿದ ಮದಗ-ಮಾಸೂರು ಕೆರೆ ಇದೆ, ಸಿವಿಲ್‌ನವರು ನೋಡಲೇಬೇಕಾದದ್ದು. ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ನಾವು ವಿದೇಶಕ್ಕೆ ಹೋಗೋಕೆ ದುಡ್ಡು ಕೂಡಿಸ್ತೀವಿ, ಅವು ವರ್ಷಾ ವರ್ಷಾ ಅಲ್ಲಿಂದ ನಮ್ಮ ಕಡೆಗೇ ಬರ್ತಾವೆ.

‘ಜನ ಬಂದ್ರೆ ಹಾಳು ಮಾಡ್ತಾರೆ’ ಅಂತ ಹಾಸ್ಟೆಲ್‌ನಲ್ಲೇ ಒಬ್ಬರು ವಾದ ಮಾಡಿದರು. ಪ್ಲಾಸ್ಟಿಕ್ಕು, ಡಿಜೆ, ಬೊಡ್ಡೆ ಮೇಲೆ ಹೃದಯ ಕೆತ್ತೋದು, ಎಲ್ಲ ನಿಜ. ಆದರೆ ನೆಟ್ಟಗೆ ಮಾಡಿದ ಕಾಲುದಾರಿ ಎಲ್ಲಿ ಕಾಲಿಡಬೇಕು ಅನ್ನೋದರ ಜೊತೆಗೆ ಎಲ್ಲಿ ಇಡಬಾರದು ಅಂತಲೂ ಹೇಳುತ್ತದೆ. ಹಲಗೆಯ ದಾರಿ ಇರೋದರಿಂದಲೇ ಸುಂಗೈ ಬುಲೊದ ಕೆಸರನ್ನು ಯಾರೂ ತುಳಿಯೋದಿಲ್ಲ, ಹಕ್ಕಿಗಳಿಗೆ ಮೇಯೋಕೆ ಜಾಗ ಉಳಿಯುತ್ತದೆ. ನವಿಲಿಗೂ ಹಾಗೇ: ನೂರು ಜನ ಮನಸ್ಸಿಗೆ ಬಂದ ಕಡೆ ಅಲೆಯೋದಕ್ಕಿಂತ ಹತ್ತು ಜನ ಒಂದೇ ದಾರಿಯಲ್ಲಿ ಸದ್ದಿಲ್ಲದೆ ನಡೆಯೋದು ಮೇಲು.

ಇದಕ್ಕೆಲ್ಲ ಸರ್ಕಾರ ಬರಲಿ ಅಂತ ಕೂರೋದು ಬೇಡ. ನಮ್ಮ ಕನ್ನಡ ಸಂಘದಿಂದ ಮೂರು ಕೆಲಸ ಆಗಬಹುದು. ಸಂಬಂಧಪಟ್ಟವರ ಒಪ್ಪಿಗೆ ಪಡೆದು ಈ ಜಾಗಗಳಿಗೆ ಕನ್ನಡದ ಕ್ಯುಆರ್ ಫಲಕ ಮಾಡೋಣ. ಕಂಪ್ಯೂಟರ್ ಸೈನ್ಸ್‌ನವರಿಗೆ ಅದು ಎರಡು ಸಂಜೆಯ ಕೆಲಸ. ನಾಲ್ಕು ತಾಲ್ಲೂಕಿಗೆ ಒಂದು ದಿನದ ಬಸ್ ದಾರಿಯ ನಕ್ಷೆ ಬರೆಯೋಣ. ಸೆಮಿಸ್ಟರಿಗೆ ಒಂದು ಸಲ ನಡಿಗೆ ಇಡೋಣ, ಅದಕ್ಕೆ ಅಪ್ಪ ಅವ್ವನನ್ನೂ ಕರೆಯೋಣ. ದೇವರ ದರ್ಶನ, ಮದುವೆ, ಆಸ್ಪತ್ರೆ ಬಿಟ್ಟು ಬೇರೆ ಯಾವುದಕ್ಕೂ ಊರು ಬಿಡದ ಅವ್ವಂದಿರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೂ ಒಂದು ದಿನ ‘ಸುಮ್ಮ ಅಡ್ಡಾಡುವ’ ರಜೆ ಸಿಗಲಿ.

ಮೊದಲ ನಡಿಗೆಗೆ ಸಿಂಗಾಪುರದ ಗೆಳತಿ ಹೆಸರು ಕೊಟ್ಟಿದ್ದಾಳೆ, ಮನೆಯವರ ಸಮೇತ. "ಟಿಕೆಟ್ ಎಷ್ಟು?" ಅಂದಳು. ಸವಣೂರಿನವ ಹೇಳಿದ: "ಬರೂ ಮುಂದ ಎಲ್ಲಾರಿಗೂ ಒಂದೊಂದು ಪೊಟ್ಣ ಸವಣೂರ ಖಾರಾ ಕೊಡಸು, ಸಾಕು."