ಬೆರಳಿಗೆ ತಕ್ಕ ವಾದ್ಯ

ಯುಕುಲೇಲೆ ಕಲಿಯಬಯಸುವ ನಮ್ಮ ತರುಣರ ಮೊದಲ ಪ್ರಶ್ನೆ, ಯಾವ ಅಳತೆಯದನ್ನು ಕೊಳ್ಳಬೇಕೆಂಬುದು. ಈ ನಾಲ್ಕು ತಂತಿಯ ವಾದ್ಯ ನಮಗೆ ಪರಕೀಯವಲ್ಲ. 1879ರಲ್ಲಿ ಪೋರ್ತುಗಲ್ಲಿನ ಮದೀರಾ ದ್ವೀಪದಿಂದ ಹವಾಯಿಯ ಕಬ್ಬಿನ ತೋಟಗಳಿಗೆ ದುಡಿಯಹೋದವರು ಒಯ್ದ ಪುಟ್ಟ ವಾದ್ಯವೇ ಇದರ ಮೂಲ. ಸಚಿನ್ನಿಗೆ ಬಂದ ನಾವೂ ಹಾಗೆಯೇ ಊರು ಬಿಟ್ಟವರು.

ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಗಾದೆಯನ್ನು ಹಣಕ್ಕೆ ಮಾತ್ರ ಅನ್ವಯಿಸಿ, ಅಗ್ಗವೆಂದು 21 ಅಂಗುಲದ ಸೊಪ್ರಾನೊ ಕೊಳ್ಳುವುದುಂಟು. ಚಿಕ್ಕ ಕೈಗೆ ಅದು ಸರಿಯೆ. ಆದರೆ ಹಿಟ್ಟು ರುಬ್ಬಿ, ಪಾತ್ರೆ ತಿಕ್ಕಿ ದಪ್ಪಗಾದ ಬೆರಳುಗಳಿಗೆ ಅದರ ಮೆಟ್ಟುಗಳು ಇಕ್ಕಟ್ಟು. ಒಂದು ತಂತಿಯನ್ನೊತ್ತಿದರೆ ಪಕ್ಕದ್ದೂ ಮೂಕವಾಗುತ್ತದೆ. ಸಂಗೀತ ತನಗೆ ಒಲಿಯದೆಂದು ನೊಂದವನು ವಾದ್ಯವನ್ನು ಮೊಳೆಗೆ ತೂಗಹಾಕುತ್ತಾನೆ. ದೋಷ ಅವನದಲ್ಲ, ಅಳತೆಯದು.

ಅಂಥವರಿಗೆ 23 ಅಂಗುಲದ ಕಾನ್ಸರ್ಟ್ ಹಿತವೆಂಬುದು ನಮ್ಮ ಮತ. ನೀಳ ಬೆರಳಿನವರು 26 ಅಂಗುಲದ ಟೆನರನ್ನೂ ನೋಡಬಹುದು. ಈ ಮೂರಕ್ಕೂ ಶ್ರುತಿ ಸಾಮಾನ್ಯವಾಗಿ ಒಂದೇ ಆದುದರಿಂದ ಕಲಿತದ್ದು ವ್ಯರ್ಥವಾಗದು. 30 ಅಂಗುಲದ ಬ್ಯಾರಿಟೋನಿನ ಶ್ರುತಿ ಬೇರೆ, ಆರಂಭಕ್ಕೆ ಬೇಡ.

ಕೊಳ್ಳುವ ಮುನ್ನ ಅಂಗಡಿಯಲ್ಲೇ ಕುಳಿತು, ಎದೆಗೊರಗಿಸಿ ನುಡಿಸಿ ನೋಡಿರಿ. ನಾಲ್ವರು ಮಲಗುವ ಕೋಣೆಯಲ್ಲಿಯೂ ಇದಕ್ಕೆ ಎಡೆಯುಂಟು; ದುಡಿದು ದಣಿದ ಮನಸ್ಸಿಗೆ ಅದರ ಅಗತ್ಯವೂ ಉಂಟು.