ಬಾಯಿಲ್ಲದ ಅತಿಥಿಯ ಶುಶ್ರೂಷೆ

ಗೋಡೆಯ ಮೇಲಣ ಹಲ್ಲಿಯನ್ನು ಯಾವ ಗೃಹಸ್ಥನೂ ಸಾಕುವುದಿಲ್ಲ. ಅದಕ್ಕೆ ಅನ್ನವಿಕ್ಕುವವರಿಲ್ಲ, ಹೆಸರಿಟ್ಟು ಕರೆಯುವವರಿಲ್ಲ. ಮಾತಿನ ನಡುವೆ ಅದು ಲೊಚಗುಟ್ಟಿದಾಗ ಅಜ್ಜಿಯರು ‘ಕೃಷ್ಣ ಕೃಷ್ಣ’ ಎನ್ನುವುದನ್ನು ಬಿಟ್ಟರೆ ಅದರ ಇರವನ್ನು ಗಮನಿಸುವವರೇ ಇಲ್ಲ. ಆದರೂ ಅದು ಸುಖವಾಗಿಯೇ ಇದೆ. ಸಂಜೆಯಾದರೆ ದೀಪದ ಬಳಿಗೆ ಹುಳುಬೇಟೆಗೆ ಬರುತ್ತದೆ. ಬೆಳಗಾದರೆ ಪಟದ ಹಿಂಬದಿಯ ಕತ್ತಲೆಗೆ ಸರಿಯುತ್ತದೆ. ಅದೇ ಮನೆಯ ಹಜಾರದಲ್ಲಿ, ಸಾವಿರಾರು ರೂಪಾಯಿ ತೆತ್ತು ತಂದ ಹಸಿರು ಇಗ್ವಾನವೊಂದು ಗಾಜಿನ ಪೆಟ್ಟಿಗೆಯೊಳಗೆ ಕಣ್ಣು ಗುಳಿಬಿದ್ದು ಸೊರಗುತ್ತಿರುವುದುಂಟು. ಸಾಕದ ಹಲ್ಲಿ ಸುಖಿ, ಸಾಕಿದ ಹಲ್ಲಿ ದುಃಖಿ! ಇದೇನು ವಿಪರ್ಯಾಸ?

ಗೋಡೆಯ ಹಲ್ಲಿಗೆ ಆಯ್ಕೆಯ ಸ್ವಾತಂತ್ರ್ಯವಿದೆ. ಪೆಟ್ಟಿಗೆಯ ಇಗ್ವಾನಕ್ಕೆ ಇಲ್ಲ. ಬಿಸಿಲು, ನೆರಳು, ತೇವ, ಆಹಾರ ಇವೆಲ್ಲವನ್ನೂ ತಾನೇ ಅರಸಿಕೊಳ್ಳಬಲ್ಲ ಪ್ರಾಣಿಯಿಂದ ಆ ಶಕ್ತಿಯನ್ನು ಕಸಿದುಕೊಂಡವರು ಅವನ್ನು ತಾವೇ ಒದಗಿಸಬೇಕಾಗುತ್ತದೆ. ಒದಗಿಸಲು ತಿಳಿಯದಿದ್ದರೆ, ಪ್ರೀತಿಯಿದ್ದರೂ ಅದು ಉಪೇಕ್ಷೆಯೇ ಸರಿ.

ಇಗ್ವಾನದ ತವರು ದಕ್ಷಿಣ ಮೆಕ್ಸಿಕೋದಿಂದ ಬ್ರೆಜಿಲ್‌ವರೆಗಿನ ಬೆಚ್ಚನೆಯ, ತೇವಭರಿತ ನಾಡುಗಳು. ಅಲ್ಲಿ ಅದು ಮರದ ಕೊಂಬೆಗಳ ಮೇಲೆ ಬಿಸಿಲು ಕಾಯುತ್ತ ಎಲೆ ಮೇಯುವ ಜೀವಿ. ಅಂಗಡಿಯಲ್ಲಿ ಅಂಗೈಯಗಲದ ಹಸಿರು ಮರಿಯಾಗಿ ಕಾಣುವ ಇದು ಬೆಳೆದರೆ ಬಾಲವೂ ಸೇರಿ ಒಂದೂವರೆ ಮೀಟರು ಮೀರುವುದುಂಟು. ಸರಿಯಾಗಿ ನೋಡಿಕೊಂಡರೆ 15 ವರ್ಷಗಳಿಗೂ ಹೆಚ್ಚು ಕಾಲ ಬಾಳಬಲ್ಲುದು. ಮಗುವಿನ ಹುಟ್ಟುಹಬ್ಬಕ್ಕೆಂದು ಕೊಂಡು ತರುವ ತಂದೆಗೆ ಈ ಲೆಕ್ಕ ಹೊಳೆಯುವುದಿಲ್ಲ. ಮೊದಲ ತಿಂಗಳು ಮನೆಮಂದಿಯೆಲ್ಲ ಪೆಟ್ಟಿಗೆಯ ಸುತ್ತ ನೆರೆಯುತ್ತಾರೆ. ಆರನೆಯ ತಿಂಗಳಿಗೆ ಪೆಟ್ಟಿಗೆ ಮೂಲೆ ಸೇರುತ್ತದೆ.

ಇಗ್ವಾನ ನಾಯಿಯಂತೆ ನರಳುವುದಿಲ್ಲ, ಬೆಕ್ಕಿನಂತೆ ಕೂಗುವುದಿಲ್ಲ. ಅದರ ರೋಗ ಸದ್ದಿಲ್ಲದೆ ಎಲುಬಿಗಿಳಿಯುತ್ತದೆ. ಬಿಸಿಲಿನಲ್ಲಿ 290ರಿಂದ 315 ನ್ಯಾನೊಮೀಟರ್ ಅಲೆಯಳತೆಯ ಅತಿನೇರಳೆ ಕಿರಣಗಳುಂಟು. ಇವು ಚರ್ಮಕ್ಕೆ ತಾಗಿದಾಗಲೇ ಡಿ ಜೀವಸತ್ವ ಹುಟ್ಟುವುದು. ಆ ಜೀವಸತ್ವವಿದ್ದರೆ ಮಾತ್ರ ಆಹಾರದ ಸುಣ್ಣದಂಶ ಮೈಗೂಡುವುದು. ಕಿಟಕಿಯ ಗಾಜು ಬೆಳಕನ್ನು ಬಿಟ್ಟು ಈ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಆದುದರಿಂದ ‘ಕಿಟಕಿಯ ಬಳಿ ಬಿಸಿಲಲ್ಲೇ ಇಟ್ಟಿದ್ದೆವಲ್ಲ’ ಎಂಬ ಸಮಾಧಾನ ನಿಲ್ಲುವುದಿಲ್ಲ. ರಕ್ತಕ್ಕೆ ಸುಣ್ಣ ಸಾಲದಾದಾಗ ದೇಹವು ತನ್ನ ಎಲುಬಿನಿಂದಲೇ ಅದನ್ನು ಕಡ ತೆಗೆಯುತ್ತದೆ. ಕೆಳದವಡೆ ಮೆತ್ತಗಾಗುತ್ತದೆ, ಬೆರಳುಗಳು ಅದುರುತ್ತವೆ, ತೊಡೆಗಳು ಊದಿಕೊಳ್ಳುತ್ತವೆ. ದುರ್ದೈವವೆಂದರೆ, ಆ ಊದಿದ ತೊಡೆಯನ್ನು ಕಂಡು ಮನೆಯವರು ‘ಮೈ ತುಂಬಿಕೊಂಡಿದೆ’ ಎಂದು ಸಂತೋಷಪಡುವುದೂ ಉಂಟು.

ಇಂಥ ಪ್ರಾಣಿಯನ್ನು ಒಬ್ಬರು ಕನಿಕರದಿಂದ ತಮ್ಮ ಮನೆಗೆ ತಂದುಕೊಂಡರೆನ್ನೋಣ. ಅವರ ಮೊದಲ ಆತುರ ಉಣಿಸುವುದು. ಹಸಿದು ಬಂದವರಿಗೆ ಎಲೆ ಹಾಕುವುದು ನಮ್ಮ ಮನೆಗಳ ಧರ್ಮ. ಆದರೆ ಇಲ್ಲಿ ಆ ಧರ್ಮವೇ ಅಪಾಯಕರ. ತಣ್ಣಗಿರುವ ಸರೀಸೃಪದ ಹೊಟ್ಟೆಯಲ್ಲಿ ಆಹಾರ ಅರಗುವುದಿಲ್ಲ. ಬಲವಂತವಾಗಿ ತುರುಕಿದ್ದು ಒಳಗೇ ಕೊಳೆಯುತ್ತದೆ. ಬಹುಕಾಲ ಉಪವಾಸವಿದ್ದ ದೇಹಕ್ಕೆ ಒಮ್ಮೆಲೆ ಸುರಿದ ಆಹಾರ ಪ್ರಾಣವನ್ನೇ ತೆಗೆಯಬಹುದು. ಮೊದಲು ಶಾಖ, ಬಳಿಕ ನೀರು, ಆಮೇಲೆ ಆಹಾರ: ಈ ಕ್ರಮವನ್ನು ತಪ್ಪಿಸಲಾಗದು.

ಶಾಖದ ಮಹಿಮೆಯನ್ನು ಫ್ಲಾರಿಡಾದ ಜನ ಕಣ್ಣಾರೆ ಕಂಡಿದ್ದಾರೆ. 2020ರ ಜನವರಿಯಲ್ಲಿ ಚಳಿ ಹೆಚ್ಚಿದಾಗ, ಮರಗಳಿಂದ ಇಗ್ವಾನಗಳು ಉದುರಬಹುದೆಂದು ಮಯಾಮಿಯ ಹವಾಮಾನ ಕಚೇರಿ ಎಚ್ಚರಿಕೆ ಕೊಟ್ಟಿತು. ಸತ್ತಂತೆ ಬಿದ್ದವುಗಳಲ್ಲಿ ಅನೇಕವು ಬಿಸಿಲೇರಿದ ಮೇಲೆ ಮೆಲ್ಲನೆ ಎದ್ದು ನಡೆದವು. ಇದಕ್ಕಿಂತ ಮಿಗಿಲಾದುದು 1975ರಲ್ಲಿ ಅಮೆರಿಕದ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು ಪ್ರಕಟಿಸಿದ ಶೋಧನೆ. ಮರುಭೂಮಿಯ ಇಗ್ವಾನಗಳಿಗೆ ರೋಗಾಣು ಸೋಂಕಿಸಿ 34ರಿಂದ 42 ಡಿಗ್ರಿ ಸೆಲ್ಸಿಯಸ್‌ವರೆಗಿನ ಬೇರೆ ಬೇರೆ ಶಾಖಗಳಲ್ಲಿ ಇರಿಸಿದಾಗ, ಹೆಚ್ಚು ಶಾಖದಲ್ಲಿದ್ದವೇ ಹೆಚ್ಚಾಗಿ ಬದುಕಿ ಉಳಿದವು. ಮನುಷ್ಯನ ಮೈ ಜ್ವರವನ್ನು ಒಳಗಿನಿಂದ ತಂದುಕೊಳ್ಳುತ್ತದೆ. ಹಲ್ಲಿಯ ಜಾತಿ ಅದನ್ನು ಬಿಸಿಲಿನಿಂದ ತಂದುಕೊಳ್ಳುತ್ತದೆ. ತಣ್ಣನೆಯ ಪೆಟ್ಟಿಗೆಯಲ್ಲಿ ಕೂಡಿಟ್ಟ ರೋಗಿಗೆ ಜ್ವರ ಬರಿಸಿಕೊಳ್ಳುವ ಹಕ್ಕೂ ಇಲ್ಲವೆಂದಾಯಿತು!

ಆದುದರಿಂದ ಗೂಡಿನ ಒಂದು ತುದಿಯಲ್ಲಿ ಸುಮಾರು 35ರಿಂದ 38 ಡಿಗ್ರಿಯ ಬೆಚ್ಚನೆಯ ತಾಣ, ಇನ್ನೊಂದು ತುದಿಯಲ್ಲಿ ತಂಪು ಇರಬೇಕು. ಎಲ್ಲಿರಬೇಕೆಂಬುದನ್ನು ಪ್ರಾಣಿಯೇ ನಿರ್ಧರಿಸಲಿ. ಬೆಳಗಿನ ಎಳೆಬಿಸಿಲು ನಮ್ಮ ಊರುಗಳಲ್ಲಿ ಬಿಟ್ಟಿಯಾಗಿ ದೊರೆಯುವ ಔಷಧ. ತಂತಿಜಾಲರಿಯ ಗೂಡಿನಲ್ಲಿ, ನೆರಳಿಗೂ ಎಡೆಯಿಟ್ಟು, ಕಣ್ಣಳತೆಯಲ್ಲಿ ಬಿಸಿಲು ತೋರಿಸಬೇಕು. ಗಾಜಿನ ಪೆಟ್ಟಿಗೆಯನ್ನು ಬಿಸಿಲಿಗಿಟ್ಟರೆ ಅದು ಒಲೆಯಾಗುತ್ತದೆ. ಅತಿನೇರಳೆ ದೀಪ ಬಳಸುವವರು ಒಂದು ಸಂಗತಿ ನೆನಪಿಡಬೇಕು: ಬೆಳಕು ಮೊದಲಿನಂತೆಯೇ ಇದ್ದರೂ ಕಿರಣದ ಶಕ್ತಿ ಕೆಲವು ತಿಂಗಳುಗಳಲ್ಲಿ ಕುಂದುತ್ತದೆ.

ನೀರಿನ ಕೊರತೆಯನ್ನು ಗುಳಿಬಿದ್ದ ಕಣ್ಣೇ ಹೇಳುತ್ತದೆ. ಉಗುರುಬೆಚ್ಚನೆಯ ನೀರನ್ನು ಅಗಲ ಪಾತ್ರೆಯಲ್ಲಿ ಹೊಟ್ಟೆಯ ಮಟ್ಟಕ್ಕೆ ತುಂಬಿ, ತಲೆ ಮೇಲಿರುವಂತೆ ಕಾಲುಗಂಟೆ ಕೂರಿಸಬೇಕು. ಬೆರಳಿಗೂ ಬಾಲದ ತುದಿಗೂ ಉಂಗುರದಂತೆ ಬಿಗಿದ ಹಳೆಯ ಪೊರೆ ನೀರಿನಿಂದ ನೆನೆದು ಸಡಿಲವಾಗುತ್ತದೆ, ಅದನ್ನು ಕಿತ್ತೆಳೆಯಬಾರದು. ಮಲಪರೀಕ್ಷೆ, ಕ್ಷಕಿರಣದ ಚಿತ್ರ, ಸುಣ್ಣದಂಶದ ಔಷಧದ ಪ್ರಮಾಣ ಇವು ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಕೆಲಸ. ನೆರೆಮನೆಯವರ ಸಲಹೆಗೆ ಇಲ್ಲಿ ಎಡೆಯಿಲ್ಲ.

ಮೈ ಬೆಚ್ಚಗಾಗಿ ಕಣ್ಣು ತೆರೆದ ಮೇಲೆ ಆಹಾರದ ಸರದಿ. ಸೌತೆಕಾಯಿಯಲ್ಲಿ ನೀರೇ ಹೆಚ್ಚು. ಪಾಲಕ್ ಸೊಪ್ಪಿನ ಆಕ್ಸಲೇಟು ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಾಂಸ, ಮೊಟ್ಟೆ, ನಾಯಿಯ ತಿಂಡಿ ಇವು ಮೂತ್ರಪಿಂಡಕ್ಕೆ ಭಾರ. ಹಿತ್ತಲ ನುಗ್ಗೆಸೊಪ್ಪು, ದಾಸವಾಳದ ಎಲೆ ಮತ್ತು ಹೂವು, ಜೊತೆಗಿಷ್ಟು ಸಿಹಿಗುಂಬಳದ ತುರಿ, ಇವನ್ನು ಸಣ್ಣಗೆ ಹೆಚ್ಚಿ ಸ್ವಲ್ಪಸ್ವಲ್ಪವಾಗಿ ಕೊಡಬೇಕು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದು ಕಡ್ಡಾಯ. ಸಾಲ್ಮೊನೆಲ್ಲಾ ರೋಗಾಣು ಆರೋಗ್ಯವಂತ ಹಲ್ಲಿಯಲ್ಲೂ ಇರಬಲ್ಲುದು. ಐದು ವರ್ಷದೊಳಗಿನ ಮಕ್ಕಳನ್ನು ದೂರವಿರಿಸಬೇಕು. ಅಡಿಗೆಮನೆಯ ತೊಟ್ಟಿಯಲ್ಲಿ ಇದರ ಸ್ನಾನ ಸಲ್ಲದು.

ಕಾನೂನಿನ ಮಾತೂ ಉಂಟು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಇಗ್ವಾನದಂಥ ವಿದೇಶೀ ಪ್ರಾಣಿಯನ್ನು ಇಟ್ಟುಕೊಂಡವರು ಅದನ್ನು ಸರಕಾರದಲ್ಲಿ ನೋಂದಾಯಿಸಬೇಕು. ನಮ್ಮದೇ ನೆಲದ ಉಡವನ್ನಂತೂ ಮನೆಯಲ್ಲಿಡುವಂತೆಯೇ ಇಲ್ಲ. ಬೇಸರವಾಯಿತೆಂದು ಇಗ್ವಾನವನ್ನು ಕೆರೆಯಂಗಳಕ್ಕೆ ಬಿಡುವುದು ದಯೆಯಲ್ಲ. ಫ್ಲಾರಿಡಾದಲ್ಲೂ ಪೋರ್ಟೊರೀಕೊದಲ್ಲೂ ಹಾಗೆ ಬಿಟ್ಟವು, ತಪ್ಪಿಸಿಕೊಂಡವು ಬೆಳೆದು ಇಂದು ತೋಟಗಳಿಗೆ ಪಿಡುಗಾಗಿವೆ.

ಇಷ್ಟೆಲ್ಲ ಮಾಡಿದವರಿಗೆ ಸಿಗುವ ಪ್ರತಿಫಲವೇನು? ಬಾಗಿದ ಎಲುಬು ಗಟ್ಟಿಯಾದೀತು, ನೇರವಾಗಲಾರದು. ಚೇತರಿಕೆಗೆ ತಿಂಗಳುಗಳೇ ಬೇಕು. ಇಗ್ವಾನ ಬಾಲವಾಡಿಸಿ ಕೃತಜ್ಞತೆ ತೋರುವುದಿಲ್ಲ. ಒಮ್ಮೊಮ್ಮೆ ಆ ಬಾಲದಿಂದಲೇ ಹೊಡೆದೀತು. ಆದರೆ ನೆಲಕ್ಕಂಟಿದ ಹೊಟ್ಟೆಯನ್ನು ಎಳೆದಾಡುತ್ತಿದ್ದ ಜೀವ ಒಂದು ದಿನ ನಾಲ್ಕು ಕಾಲುಗಳ ಮೇಲೆ ಮೈಯೆತ್ತಿ ನಿಂತು, ತಾನಾಗಿ ಬಿಸಿಲಿನ ಕಡೆಗೆ ನಡೆಯುತ್ತದೆ. ಸಾಕುವವನ ಅಗತ್ಯ ಅಷ್ಟರಮಟ್ಟಿಗೆ ಕಡಿಮೆಯಾಯಿತೆಂಬುದೇ ಶುಶ್ರೂಷೆ ಫಲಿಸಿತೆಂಬುದಕ್ಕೆ ಗುರುತು.